ನಾಟಕಗೃಹದಿಂದ ಚಿತ್ರಮಂದಿರಕ್ಕೆ

ಹುಬ್ಬಳ್ಳಿ-ಧಾರವಾಡಗಳಂತಹ ಊರುಗಳ ಮೊದಲ ಚಿತ್ರಮಂದಿರಗಳ ವಿಷಯವೆತ್ತಿದೊಡನೆ, ಯಾವುದು ಮೊದಲು ಕಟ್ಟಿದ್ದು, ಯಾರು ಕಟ್ಟಿಸಿದ್ದು ಎಂದು ಕೇಳುವುದು ವಾಡಿಕೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು: ಅಲ್ಲಿ ಕುಳಿತ ಜನರ ಕಿವಿಗೆ ಬಿದ್ದುದು ಯಾವ ಭಾಷೆ? ಈ ಹೊತ್ತು ನಾವು ಅದನ್ನೇ ವಿಚಾರಿಸೋಣ.

ಚಲಚ್ಚಿತ್ರವು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 1896ನೆಯ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಹೊರಬಂದಿತು. ಧಾರವಾಡ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತು, ರೈಲುದಾರಿಯೂ ಇತ್ತು. ಚಿತ್ರವನ್ನು ಬರಮಾಡಿಕೊಳ್ಳಲು ಬೇಕಾದ ಅಭ್ಯಾಸವೂ ಜನರಲ್ಲಿತ್ತು. ಗದುಗಿನ ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಮೊದಲಾದವರ ನಾಟಕ ಕಂಪನಿಗಳು, ಚೀಟಿ ಕೊಂಡು, ದರಕ್ಕೆ ತಕ್ಕ ಆಸನದಲ್ಲಿ ಕುಳಿತು, ಪರದೆ ಏಳುವುದನ್ನು ಕಾಯುವ ರೀತಿಯನ್ನು ಈ ಸೀಮೆಗೆ ಕಲಿಸಿದ್ದವು. ಚಿತ್ರಮಂದಿರವು ನಾಟಕಗೃಹದ ಉತ್ತರಾಧಿಕಾರಿಯೇ ಹೊರತು ಪರದೇಶದಿಂದ ಹಾಗೆಯೇ ಬಂದಿಳಿದುದಲ್ಲ.

ಆದರೆ ಯಂತ್ರವು ಕಟ್ಟಡಕ್ಕೆ ತನ್ನ ನಿಯಮಗಳನ್ನು ಹೇರಿತು. ಆ ಕಾಲದ ಫಿಲ್ಮು ಬೇಗನೆ ಹೊತ್ತಿಕೊಳ್ಳುವ ನೈಟ್ರೇಟಿನದು. ಆದುದರಿಂದ ಯಂತ್ರದ ಕೋಣೆಯನ್ನು ಜನರಿಂದ ಬೇರ್ಪಡಿಸಬೇಕಾಯಿತು. 1918ರ ಸಿನಿಮಾಟೋಗ್ರಾಫ್ ಶಾಸನದಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪರವಾನಗಿಯನ್ನೂ ಪಡೆಯಬೇಕಾಯಿತು. ಸಾವಿರ ಅಡಿಯ ವಾಕ್ಚಿತ್ರದ ರೀಲು ಸುಮಾರು 11 ನಿಮಿಷದಲ್ಲಿ ಮುಗಿಯುತ್ತದೆ. ಒಂದೇ ಯಂತ್ರವುಳ್ಳ ಮಂದಿರದಲ್ಲಿ ಪ್ರತಿ ರೀಲಿನ ಕೊನೆಗೂ ಆಟ ನಿಲ್ಲಲೇಬೇಕು. ಎರಡು ಯಂತ್ರಗಳನ್ನಿಟ್ಟುಕೊಂಡವರು ಮಾತ್ರ ಕಥೆಯನ್ನು ತಡೆಯಿಲ್ಲದೆ ನಡೆಸಬಲ್ಲವರಾಗಿದ್ದರು.

ಇನ್ನು ಭಾಷೆ. ಮೂಕಚಿತ್ರಕ್ಕೆ ಭಾಷೆಯಿಲ್ಲವೆಂಬುದು ಪೂರ್ಣಸತ್ಯವಲ್ಲ. ನಡುನಡುವೆ ತೆರೆಯ ಮೇಲೆ ಬರಹ ಮೂಡುತ್ತಿತ್ತು. 'ರಾಜಾ ಹರಿಶ್ಚಂದ್ರ'ದಲ್ಲಿ ಅದು ಇಂಗ್ಲಿಷು, ಮರಾಠಿ, ಹಿಂದಿಗಳಲ್ಲಿತ್ತು. ಅಕ್ಷರ ಬಾರದವರಿಗೆ ಮೂರೂ ಒಂದೇ. ಆದಕಾರಣ ದಕ್ಷಿಣದ ಅನೇಕ ಊರುಗಳಲ್ಲಿ ತೆರೆಯ ಪಕ್ಕದಲ್ಲಿ ಒಬ್ಬಾತನು ನಿಂತು ಕಥೆಯನ್ನು ದೇಶಭಾಷೆಯಲ್ಲಿ ವಿವರಿಸುತ್ತಿದ್ದನು. ಹರಿಕಥೆ ಕೇಳಿ ಬೆಳೆದವರಿಗೆ ಇದು ಹೊಸದಾಗಿ ತೋರಲಿಲ್ಲ. ಪರಭಾಷೆಯ ಚಿತ್ರವು ಅವನ ಬಾಯಿಯಿಂದ ತಮ್ಮದಾಗುತ್ತಿತ್ತು.

1931ನೆಯ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ಬಿಡುಗಡೆಯಾಗಿ ಚಿತ್ರವೇ ಮಾತನಾಡತೊಡಗಿತು. ವಿವರಣಕಾರನ ಕೆಲಸ ಮುಗಿಯಿತು. ಮಾತು ಬಂದಿತೆಂಬ ಸಂತೋಷದ ಹಿಂದೆಯೇ, ಯಾರ ಮಾತೆಂಬ ಚಿಂತೆಯೂ ಬಂದಿತು. ಕೊಲ್ಲಾಪುರದ ಪ್ರಭಾತ್ ಕಂಪನಿಯು 1932ರಲ್ಲಿ 'ಅಯೋಧ್ಯೇಚಾ ರಾಜಾ'ವನ್ನು ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ತೆಗೆಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಯನ್ನು ಕಂಡದ್ದು 1934ನೆಯ ಮಾರ್ಚ್ 3ರಂದು, ಬೆಂಗಳೂರಿನಲ್ಲಿ. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗಭೂಮಿಯಿಂದ ಬಂದವರು. ಚಿತ್ರವನ್ನು ತೆಗೆದುದು ಮಾತ್ರ ಕೊಲ್ಲಾಪುರದಲ್ಲಿ! ಹುಬ್ಬಳ್ಳಿಗೆ ಬೆಂಗಳೂರಿಗಿಂತ ಕೊಲ್ಲಾಪುರವೇ ಹತ್ತಿರ. ಕನ್ನಡ ಚಿತ್ರಕ್ಕೆ ಯಂತ್ರಸಾಮಗ್ರಿಯು ದೊರೆತುದು ಮರಾಠಿಯ ನೆಲದಲ್ಲಿ, ನಟರು ದೊರೆತುದು ಕನ್ನಡದ ರಂಗದಲ್ಲಿ.

ಮುಂದೆಯೂ ಹಲವು ಕಾಲ ಕನ್ನಡ ಚಿತ್ರಗಳು ವಿರಳವಾಗಿಯೇ ಇದ್ದುವು. ಮಂದಿರವನ್ನು ನಡೆಸುವವನಾದರೋ ದಿನವೂ ದೀಪ ಹಚ್ಚಬೇಕು. ದೊರೆತ ಚಿತ್ರವನ್ನೇ ತೋರಿಸಬೇಕು. ಅವನನ್ನು ದೂಷಿಸಿ ಫಲವಿಲ್ಲ. ಮನೆಯಲ್ಲಿ ಕನ್ನಡ, ತೆರೆಯ ಮೇಲೆ ಬೇರೆ ಭಾಷೆ ಎಂಬ ಸ್ಥಿತಿಯು ಯಾರೊಬ್ಬರ ದ್ವೇಷದಿಂದಲೂ ಹುಟ್ಟಿದುದಲ್ಲ. ಬಂಡವಾಳ, ಯಂತ್ರ, ರೈಲುದಾರಿಗಳು ಸೇರಿ ಹುಟ್ಟಿಸಿದುದು. ನಾಡು ಒಂದು ಆಡಳಿತಕ್ಕೆ ಬಂದುದು 1956ರಲ್ಲಿ.

ಇಂದು ಚಿತ್ರ ತೋರಿಸಲು ರೀಲುಗಳೇ ಬೇಕಾಗಿಲ್ಲ. ಹಳೆಯ ಮಂದಿರಗಳು ಊರೂರಿನಲ್ಲಿಯೂ ಮರೆಯಾಗುತ್ತಿವೆ. ಪರವಾನಗಿಯ ಕಾಗದ, ಚೀಟಿಯ ಚೂರು, ಬಣ್ಣಗೆಟ್ಟ ಕರಪತ್ರ, ಇವು ಹಳೆಯ ಪೆಟ್ಟಿಗೆಗಳಲ್ಲಿ ಸಿಕ್ಕಿದರೆ ಬಿಸಾಡಬೇಡಿರಿ. ಯಾವ ದಿನ ಯಾವ ಭಾಷೆಯ ಆಟವಿತ್ತೆಂದು ಹೇಳಬಲ್ಲ ಸಾಕ್ಷಿಗಳು ಅವೇ.