ಅಷ್ಟಿಯಿಂದ ಅತ್ಯಷ್ಟಿಗೆ: ಒಂದು ಹಳೆಯ ಗಣಕಯಂತ್ರದ ಸಂಗತಿ

ಗಣಕಯಂತ್ರವೆಂದರೆ ಇಂದು ಎಳೆಯ ಮಕ್ಕಳ ಅಂಗೈಯಲ್ಲಿಯೂ ಆಡುವ ವಸ್ತುವಾಗಿರುವದು. ನಾನು ಹೇಳಹೊರಟಿರುವದಾದರೋ, ಟೆಲಿವಿಜನ್ ಪೆಟ್ಟಿಗೆಗೆ ತಂತಿ ಜೋಡಿಸಿ, ಹಾಡು ಕೇಳುವ ಕ್ಯಾಸೆಟ್ಟಿನಿಂದ ಬರೆಹವನ್ನು ತುಂಬಿ ನಡೆಯಿಸಬೇಕಾಗಿದ್ದ ಒಂದು ಗೃಹಯಂತ್ರದ ಸಂಗತಿಯು. ಏಕಸಂಬಿಯ ನಮ್ಮ ಮನೆಯ ಟ್ರಂಕಿನಲ್ಲಿ ಅದು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಲಗಿದ್ದಿತು.

ಅದನ್ನು ತಂದವರು ನನ್ನ ಅಣ್ಣನವರು. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿಯು ೧೯೮೨ರಲ್ಲಿ ಹೊರತಂದ ಸ್ಪೆಕ್ಟ್ರಮ್ ಎಂಬ ಯಂತ್ರದ ವಂಶದ್ದನ್ನು ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಂಬ ಸಂಸ್ಥೆಯು ಪರವಾನಿಗೆ ಪಡೆದು, ೧೯೮೬ರಿಂದ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂಬ ಹೆಸರಿನಿಂದ ಮಾರುತ್ತಿದ್ದಿತು. ಪುಣೆಯಲ್ಲಿ ನೌಕರಿಯಲ್ಲಿದ್ದ ಅಣ್ಣನವರು ಮರುವರ್ಷ ಅದನ್ನು ಕೊಂಡುತಂದು, ನಮ್ಮ ದೂಧಗಂಗಾ ತೀರದ ಒಕ್ಕಲಿಗರ ಬಾಯಲ್ಲಿರುವ ಶಬ್ದಗಳನ್ನು ಅರ್ಥಸಹಿತ ಅದರಲ್ಲಿ ಕೂಡಿಸತೊಡಗಿದರು. ಕನ್ನಡ ಲಿಪಿಯು ಆ ಯಂತ್ರಕ್ಕೆ ಬಾರದು. ಆದುದರಿಂದ ರೋಮನ್ ಅಕ್ಷರಗಳಿಂದಲೇ ಬರೆದರು. ‘ಅ’ಕಾರದಿಂದ ಹೊರಟವರು ‘ನೊಗ’ ಎಂಬಲ್ಲಿಗೆ ಬರುವಷ್ಟರಲ್ಲಿ ಪರದೆಯ ಬುಡದಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ವಾಕ್ಯವು ಮೂಡಿತು. ಸ್ಥಳವು ತೀರಿತ್ತು. ೧೯೯೧ರಲ್ಲಿ ಅಣ್ಣನವರೂ ತೀರಿಕೊಂಡರು.

ಸ್ಥಳವೇಕೆ ತೀರಿತೆಂಬದು ಛಂದಸ್ಸನ್ನು ಬಲ್ಲವರಿಗೆ ಕ್ಷಣದಲ್ಲಿ ತಿಳಿಯುವದು. ಯಂತ್ರದ ಮಿದುಳಾದ ‘ಝಡ್ ೮೦’ ಎಂಬ ಚಿಪ್ಪಿಗೆ ಸ್ಮರಣಕೋಶದ ಮನೆಯನ್ನು ತೋರಿಸುವ ತಂತಿಗಳು ಹದಿನಾರು. ಒಂದೊಂದರಲ್ಲಿಯೂ ವಿದ್ಯುತ್ತು ಇರಬೇಕು, ಇಲ್ಲವೆ ಇರಬಾರದು. ಗುರು ಇಲ್ಲವೆ ಲಘು. ಪಾದಕ್ಕೆ ಹದಿನಾರು ಅಕ್ಷರಗಳ ಅಷ್ಟಿ ಛಂದಸ್ಸನ್ನು ಪಿಂಗಲನ ರೀತಿಯಿಂದ ಪ್ರಸ್ತರಿಸಿದರೆ ೬೫,೫೩೬ ಭೇದಗಳಾಗುವವಷ್ಟೆ? ಯಂತ್ರದ ಮನೆಗಳೂ ಅಷ್ಟೇ. ಅವುಗಳೊಳಗೆ ೧೬,೩೮೪ ಮನೆಗಳು ಅಳಿಸಲಾಗದ ಶಾಶ್ವತ ಸೂತ್ರಗಳಿಗೆ ಮೀಸಲು. ಉಳಿದವು ೪೯,೧೫೨, ಅವುಗಳಲ್ಲಿಯೂ ಪರದೆಯ ಚಿತ್ರಕ್ಕೆ ಒಂದು ಪಾಲು.

ಆದರೆ ಅದೇ ಸಿಂಕ್ಲೇರ್ ಕಂಪನಿಯು ೧೯೮೫ರಲ್ಲಿ ಸ್ಪೇನಿನಲ್ಲಿಯೂ ಮರುವರ್ಷ ಬ್ರಿಟನ್ನಿನಲ್ಲಿಯೂ ಹೊರಡಿಸಿದ ಯಂತ್ರದಲ್ಲಿ ೧,೩೧,೦೭೨ ಮನೆಗಳಿದ್ದವು. ಇದು ಹದಿನೇಳು ಅಕ್ಷರಗಳ ಅತ್ಯಷ್ಟಿಯ ಪ್ರಸ್ತಾರಸಂಖ್ಯೆ! ಮಿದುಳಾದರೋ ಹದಿನಾರು ತಂತಿಗಳ ಹಳೆಯದೇ. ಇದೆಂತು ಸಾಧ್ಯ? ವ್ಯಾಸಪೀಠದ ಮೇಲಿನ ಪೋಥಿಯನ್ನು ನೆನೆಯಿರಿ. ಪೀಠವು ಒಂದೇ ಗರಿಯಷ್ಟು ಅಗಲ. ಪೌರಾಣಿಕರ ಕಣ್ಣು ಅಲ್ಲಿಯೇ ನೆಟ್ಟಿರುವದು. ಗರಿಗಳು ಮಾತ್ರ ಬದಲಾಗುವವು. ಹಾಗೆಯೇ ೪೯,೧೫೨ನೆಯ ಮನೆಯಿಂದ ಮೇಲಿನ ಕಾಲುಭಾಗವನ್ನು ಪೀಠವೆಂದು ತಿಳಿಯಿರಿ. ೩೨,೭೬೫ ಎಂಬ ದ್ವಾರಕ್ಕೆ ಸೊನ್ನೆಯಿಂದ ಏಳರವರೆಗಿನ ಒಂದಂಕೆಯನ್ನು ಕಳುಹಿದರೆ ಆ ಸಂಖ್ಯೆಯ ಗರಿಯು ಪೀಠಕ್ಕೆ ಬರುವದು. ೧೯೮೪ರಲ್ಲಿ ಸರಕಾರದ ‘ಕ್ಲಾಸ್’ ಯೋಜನೆಯಿಂದ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರದಲ್ಲಿಯೂ ಇಂಥದೇ ಉಪಾಯವಿದ್ದಿತು. ನಾವು ಮಾಸ್ತರರು ಅದನ್ನು ಅರಿಯಲಿಲ್ಲ.

ಹಳೆಯ ಯಂತ್ರಕ್ಕೂ ಈ ಗರಿಗಳನ್ನು ಕೂಡಿಸಬಹುದೆಂದು ಹೇಳಿದವನು ನನ್ನ ಶಿಷ್ಯನೊಬ್ಬನು. ನನಗೆ ಧೈರ್ಯ ಸಾಲಲಿಲ್ಲ. ಅದು ಅಣ್ಣನ ಕೈಯ ವಸ್ತು. ಬೆಸುಗೆಯ ಕಾವಿಗೆ ಸುಟ್ಟುಹೋದರೆ? ಝೈಲಾಗ್ ಕಂಪನಿಯು ೧೯೭೬ರಿಂದ ಮಾಡುತ್ತ ಬಂದ ಆ ಮಿದುಳಿನ ಚಿಪ್ಪಿಗೆ ೨೦೨೪ರಲ್ಲಿ ಹೊಸ ಬೇಡಿಕೆಗಳನ್ನು ಸ್ವೀಕರಿಸುವದನ್ನೂ ನಿಲ್ಲಿಸಿರುವದು. ವೈನಿಯವರನ್ನು ಕೇಳಿದೆನು. “ಟ್ರಂಕಿನ್ಯಾಗ ಇಟ್ಟು ಪೂಜಾ ಮಾಡಿದ್ರ ಅವರ ಕೆಲಸ ಮುಗೀತೈತೇನು? ತಗೀರಿ ಹೊರಗ,” ಎಂದರು.

ಶಿಷ್ಯನು ಮೊದಲು ಯಂತ್ರಕ್ಕೆ ವಿದ್ಯುತ್ತನ್ನೇ ಕೊಡಲಿಲ್ಲ. ಕೆಳಗಿನ ಸ್ಮರಣಕೋಶದ ಎಂಟು ಚಿಪ್ಪುಗಳಿಗೆ ಹನ್ನೆರಡು, ಐದು, ಋಣ ಐದು ಹೀಗೆ ಮೂರು ವಿಧದ ವೋಲ್ಟುಗಳು ಬೇಕು. ಋಣ ಐದು ತಪ್ಪಿ ಹನ್ನೆರಡು ಮಾತ್ರ ಬಂದರೆ ಅವು ಸಾಯುವವು. ಮುಪ್ಪಾದ ಕೆಪ್ಯಾಸಿಟರುಗಳನ್ನು ಬದಲಿಸಿ, ಮೂರನ್ನೂ ಅಳೆದುನೋಡಿದ ಬಳಿಕವೇ ಮುಂದಿನ ಕೆಲಸ. ಮೇಲಿನ ಕೋಶದ ಎಂಟು ಚಿಪ್ಪುಗಳನ್ನು ಕಿತ್ತು, ಸಾಕೆಟ್ಟುಗಳನ್ನು ಬೆಸೆದು, ‘೪೧೨೫೬’ ಎಂಬ ಜಾತಿಯವನ್ನು ಕೂಡಿಸಿದನು. ಅರುವತ್ತನಾಲ್ಕರ ಜಾತಿಯಲ್ಲಿ ಯಾವ ಕೆಲಸವೂ ಇಲ್ಲದ ಮೊದಲನೆಯ ಕಾಲು ಈ ಜಾತಿಯಲ್ಲಿ ಹೊಸ ವಿಳಾಸದ ತಂತಿಯಾಗಿರುವದು. ಎಂಟೂ ಮೊದಲ ಕಾಲುಗಳನ್ನು ಒಂದೇ ತಂತಿಯಿಂದ ಪೋಣಿಸಿ, ಗರಿಯ ಸಂಖ್ಯೆಯನ್ನು ಹಿಡಿದಿಡುವ ಒಂದು ಲ್ಯಾಚ್ ಚಿಪ್ಪನ್ನೂ ಅದರ ಪರಿವಾರವನ್ನೂ ಸಣ್ಣ ಹಲಗೆಯ ಮೇಲೆ ಕೂಡಿಸಿದನು. ಹಳೆಯ ಚಿಪ್ಪುಗಳು ನನ್ನ ಕಡ್ಡಿಪೆಟ್ಟಿಗೆಯನ್ನು ಸೇರಿದವು.

ಗುಂಡಿಯನ್ನು ಒತ್ತಿದರೆ ಪರದೆಯ ತುಂಬ ಪಟ್ಟೆಗಳು. ಅಂದಿನ ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನ ಭೂತಕನ್ನಡಿಯಿಂದ ನೋಡಲಾಗಿ, ಚಿಪ್ಪನ್ನು ಕೀಳುವಾಗ ಕೂದಲೆಳೆಯಂಥ ತಾಮ್ರದ ದಾರಿಯೊಂದು ತುಂಡಾಗಿದ್ದಿತು. ತಂತಿಯ ಚೂರಿನಿಂದ ಅದನ್ನು ಬೆಸೆದ ಕೂಡಲೆ ಸಿಂಕ್ಲೇರ್ ಎಂಬ ಅಕ್ಷರಗಳು ಮೂಡಿದವು.

ಪರೀಕ್ಷೆಯು ಸುಲಭವಾದದ್ದು: ಗರಿಗೊಂದರಂತೆ ಒಂದೇ ಮನೆಯಲ್ಲಿ ಬೇರೆಬೇರೆ ಅಂಕೆಗಳನ್ನು ಬರೆದು, ತಿರುಗಿ ಬಂದು ಓದುವದು. ಆದರೆ ಮೊದಲು ‘ಕ್ಲಿಯರ್ ೪೯೧೫೧’ ಎಂಬ ಆಜ್ಞೆಯನ್ನು ಕೊಡಲೇಬೇಕು. ಯಂತ್ರವು ತಾನು ಮರಳಬೇಕಾದ ದಾರಿಯ ಗುರುತುಗಳನ್ನು ಕೋಶದ ಮೇಲ್ತುದಿಯಲ್ಲಿ ಇಟ್ಟುಕೊಳ್ಳುವದರಿಂದ, ಆ ತುದಿಯೇ ಗರಿಯೊಡನೆ ಹಾರಿಹೋದರೆ ಅದಕ್ಕೆ ದಿಕ್ಕುತಪ್ಪುವದು. ಎಂಟು ಗರಿಗಳಲ್ಲಿ ಎರಡು ಕೆಳಗಣ ಸ್ಥಾನಗಳಲ್ಲಿ ಸ್ಥಿರವಾಗಿರುವವು; ಉಳಿದ ಆರರಲ್ಲಿ ೯೮,೩೦೪ ಅಕ್ಷರಗಳಿಗೆ ಎಡೆಯುಂಟು.

ಅಣ್ಣನ ಕ್ಯಾಸೆಟ್ಟು ಮೂರನೆಯ ಸಲಕ್ಕೆ ಓದಿಸಿಕೊಂಡಿತು. ಅವರ ಶಬ್ದಗಳನ್ನು ಶಿಷ್ಯನು ಮೊದಲ ಮೂರು ಗರಿಗಳಿಗೆ ಇಳಿಸಿಕೊಟ್ಟಿರುವನು. ಈಗ ಸಂಜೆಯ ಹೊತ್ತು ವೈನಿಯವರು ಹೇಳುವರು, ನಾನು ಬೆರಳಚ್ಚಿಸುವೆನು. ‘ನೊಗ’ದ ಮುಂದೆ ‘ಪಾಳಿ’, ‘ಬಾರಕೋಲು’ ಆಗಿ, ನಿನ್ನೆ ‘ಮ’ಕಾರಕ್ಕೆ ಬಂದಿದ್ದೇವೆ.