ವಿದ್ಯುತ್ ತಂತಿಯ ಕೆಳಗಿನ ನೆಲ

ಹೊಲಗಳ ಮೇಲೆ ಹಾದುಹೋಗುವ ಭಾರೀ ವಿದ್ಯುತ್ ಮಾರ್ಗಗಳನ್ನು ನೀವು ನೋಡಿರುತ್ತೀರಿ. ಗೋಪುರದ ನಾಲ್ಕು ಕಾಲುಗಳ ನಡುವಿನ ಜಾಗ ಎರಡು ಮೂರು ಗುಂಟೆಯಷ್ಟೆ. ಹಾಗಿದ್ದೂ ರೈತರು ನ್ಯಾಯಾಲಯದ ಮೆಟ್ಟಿಲೇರುವುದೇಕೆ? ಉತ್ತರದ ಅರ್ಧ ಭೌತವಿಜ್ಞಾನದಲ್ಲಿದೆ, ಇನ್ನರ್ಧ ಕಾನೂನಿನಲ್ಲಿದೆ.

ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಷ್ಟೇ ವಿದ್ಯುತ್ತನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹ ಅರ್ಧವಾಗುತ್ತದೆ; ಅದೇ ತಂತಿಯಲ್ಲಿ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ದೂರದ ಸಾಗಣೆಗೆ 220, 400, 765 ಕಿಲೋವೋಲ್ಟ್ ಬಳಸುವುದು ಇದಕ್ಕಾಗಿಯೇ. ಆದರೆ ವೋಲ್ಟೇಜ್ ಏರಿದಂತೆ ತಂತಿಗೂ ಮರ, ಮನೆಗಳಿಗೂ ನಡುವಿನ ಅಂತರ ಹೆಚ್ಚಬೇಕು. ಇಲ್ಲವಾದರೆ ಗಾಳಿಯ ಮೂಲಕವೇ ಕಿಡಿ ಹಾರೀತು. ಜೊತೆಗೆ, ಬಿಸಿಯಾದ ತಂತಿ ಹಿಗ್ಗಿ ಜೋತುಬೀಳುತ್ತದೆ, ಗಾಳಿಗೆ ಪಕ್ಕಕ್ಕೆ ತೂಗುತ್ತದೆ. ಇದನ್ನೆಲ್ಲ ಲೆಕ್ಕಹಾಕಿ 400 ಕಿಲೋವೋಲ್ಟ್ ಜೋಡಿ ಮಾರ್ಗಕ್ಕೆ ಸಾಮಾನ್ಯವಾಗಿ 46 ಮೀಟರ್ ಅಗಲದ ಪಟ್ಟಿಯನ್ನು ಬಿಡುತ್ತಾರೆ. ಅಲ್ಲಿ ರಾಗಿ, ಭತ್ತ ಬೆಳೆಯಬಹುದು. ತೆಂಗು, ಅಡಿಕೆ ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ.

ಎರಡು ಗೋಪುರಗಳ ನಡುವೆ 400 ಮೀಟರ್ ದೂರವಿದೆ ಎನ್ನೋಣ. ಪಟ್ಟಿಯ ವಿಸ್ತೀರ್ಣ 18,400 ಚದರ ಮೀಟರ್, ಅಂದರೆ ಸುಮಾರು ನಾಲ್ಕೂವರೆ ಎಕರೆ. ಗೋಪುರದ ಬುಡ 15 ಮೀಟರ್ ಚೌಕವಾದರೆ ಅದು 225 ಚದರ ಮೀಟರ್ ಮಾತ್ರ. ಪಟ್ಟಿ ಬುಡದ ಸುಮಾರು 80 ಪಟ್ಟು!

ಇನ್ನು ಕಾನೂನು. ರಸ್ತೆ, ರೈಲಿಗೆ ಮಾಡುವಂತೆ ಇಲ್ಲಿ ಭೂಸ್ವಾಧೀನ ಮಾಡುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 164ನೇ ಕಲಮಿನಡಿ ಸರ್ಕಾರವು 1885ರ ಟೆಲಿಗ್ರಾಫ್ ಕಾಯಿದೆಯ ಅಧಿಕಾರವನ್ನು ಪ್ರಸರಣ ಸಂಸ್ಥೆಗೆ ಕೊಡಬಹುದು. ಸಂಸ್ಥೆಗೆ ಸಿಗುವುದು ಬಳಕೆಯ ಹಕ್ಕು ಮಾತ್ರ, ಒಡೆತನ ರೈತನದೇ. 2023ರ ದೂರಸಂಪರ್ಕ ಕಾಯಿದೆ ಹಳೆಯ ಕಾಯಿದೆಯನ್ನು ರದ್ದುಪಡಿಸಿದರೂ, ವಿದ್ಯುತ್ ಮಾರ್ಗಗಳ ಮಟ್ಟಿಗೆ ಈ ಭಾಗವನ್ನು ಉಳಿಸಿಕೊಂಡಿದೆ. ಮಾಲೀಕನ ಒಪ್ಪಿಗೆ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಅಡ್ಡಿಯಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಅನುಮತಿ ನೀಡಬಹುದು. ಪರಿಹಾರದ ಮೊತ್ತದ ತಕರಾರನ್ನು ತೀರ್ಮಾನಿಸುವವರು ಜಿಲ್ಲಾ ನ್ಯಾಯಾಧೀಶರು.

ಆದ್ದರಿಂದ ಗಟ್ಟಿಯಾದ ವಾದಕ್ಕೆ ಎಡೆಯಿರುವುದು ಪರಿಹಾರದಲ್ಲಿ. ಕೇರಳ ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಜಮೀನು ಇರುವ ಸ್ಥಳ, ತಂತಿಯಿಂದ ಅದರ ದೂರ ಮುಂತಾದವನ್ನು ಪರಿಗಣಿಸಬೇಕೆಂದಿತು. ಸಣ್ಣ ಹಿಡುವಳಿಯ ನಡುವೆಯೇ ತಂತಿ ಹಾದರೆ ನಷ್ಟ ದೊಡ್ಡದೆಂಬುದನ್ನೂ ಅದು ಗುರುತಿಸಿತು. ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿ ಗೋಪುರದ ಬುಡಕ್ಕೆ ಭೂಮೌಲ್ಯದ ಶೇ. 85, ಪಟ್ಟಿಗೆ ಗರಿಷ್ಠ ಶೇ. 15 ಸೂಚಿಸಿತ್ತು. 2024ರ ಜೂನ್‌ನಲ್ಲಿ ಇವು ಶೇ. 200 ಮತ್ತು ಶೇ. 30 ಆದವು. ರಾಜ್ಯಗಳು ಇದನ್ನು ಅಳವಡಿಸಿಕೊಳ್ಳಬೇಕು.

ನಮ್ಮ ಲೆಕ್ಕಕ್ಕೆ ಹೊಸ ದರ ಹಾಕಿ ನೋಡಿ. ಬುಡಕ್ಕೆ ಸಿಗುವುದು ಸುಮಾರು ನಾಲ್ಕೂವರೆ ಗುಂಟೆಯ ಬೆಲೆ. ಪಟ್ಟಿಗೆ ಸುಮಾರು 54 ಗುಂಟೆಯ ಬೆಲೆ. ಶೇ. 200 ಎಂಬ ಸಂಖ್ಯೆ ಕಣ್ಣು ಸೆಳೆದರೂ ಹೆಚ್ಚಿನ ಹಣ ಇರುವುದು ಆ ಶೇ. 30ರಲ್ಲಿ. ಗೋಪುರವಿಲ್ಲದೆ ತಂತಿ ಮಾತ್ರ ಹಾದುಹೋಗುವ ಜಮೀನಿನವರಿಗಂತೂ ಅದೇ ಎಲ್ಲ.

ನಿಮ್ಮೂರಿನಲ್ಲಿ ಇಂಥ ಮಾರ್ಗ ಬರುವುದಾದರೆ ಗೋಪುರದ ಬುಡವನ್ನಷ್ಟೇ ಅಲ್ಲ, ಪಟ್ಟಿಯ ಅಗಲವನ್ನೂ ಅಳೆಯಿಸಿ. ಕಡಿಯಬೇಕಾದ ಮರಗಳನ್ನು ಎಣಿಸಿ ಬರೆದಿಡಿ. ನ್ಯಾಯಾಧೀಶರ ಮುಂದೆ ನಿಲ್ಲುವುದು ಅಳತೆಯೇ.