ಸೇವೆಯಲ್ಲಿದ್ದುಕೊಂಡೇ ಸಂಶೋಧನಾ ಕ್ರಮದ ವ್ಯಾಸಂಗ

ನಲವತ್ತು ವರ್ಷ ದಾಟಿದ ಮೇಲೆ ಪುನಃ ಪಾಠದ ಪುಸ್ತಕವನ್ನು ಹಿಡಿದವನನ್ನು ಕಂಡು ಜನರು ನಗುವುದು ಸ್ವಾಭಾವಿಕವೇ. ಹೋಬಳಿಯಲ್ಲಿ ಇನ್‌ಸ್ಪೆಕ್ಟರ್ ಕೆಲಸವನ್ನು ಮಾಡುತ್ತಲೇ, ಸಮಾಜಶಾಸ್ತ್ರ ಮತ್ತು ಆರೋಗ್ಯ ವಿಷಯಗಳ ಸಂಶೋಧನಾ ಕ್ರಮವನ್ನು ದೂರಶಿಕ್ಷಣದ ಮೂಲಕ ಕಲಿಯಲು ನಾನು ಹೆಸರು ಕೊಟ್ಟಾಗ, "ಬೀಜ ಗೊಬ್ಬರದವರಿಗೆ ವೈದ್ಯರ ವಿದ್ಯೆ ಏತಕ್ಕೆ ಸ್ವಾಮಿ?" ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಕೀಟನಾಶಕವನ್ನು ಸಿಂಪಡಿಸಿ ಬಂದ ಸಂಜೆ ತಲೆನೋವು, ವಾಕರಿಕೆ, ಕಣ್ಣುರಿ ಎಂದು ಹೇಳಿಕೊಳ್ಳುವವರನ್ನು ನಾನು ಹಲವು ವರ್ಷಗಳಿಂದ ಕಾಣುತ್ತಿದ್ದೆನು. ಇಂಥವರು ಎಷ್ಟು ಮಂದಿ ಎಂದು ಹೇಳಲು ಮಾತ್ರ ನನ್ನಿಂದಾಗುತ್ತಿರಲಿಲ್ಲ. ಔಷಧಿಯ ಪ್ರಮಾಣವನ್ನು ಹೇಳಿಕೊಡತಕ್ಕವನಿಗೆ ಇದು ತಿಳಿಯದಿರುವುದು ಲಜ್ಜಾಸ್ಪದವೆಂದು ತೋರಿತು.

ಈ ವಿದ್ಯೆಯು ನಮ್ಮವರಿಗೆ ಪರಕೀಯವಾದುದೇನೂ ಅಲ್ಲ. ಬೆಳೆ ಕಟಾವು ಪ್ರಯೋಗದಲ್ಲಿ ಸೊಗಸಾದ ಪೈರು ಇರುವ ಕಡೆ ಹಗ್ಗ ಹಿಡಿಯದೆ, ಯಾದೃಚ್ಛಿಕ ಸಂಖ್ಯೆ ತೋರಿಸಿದ ಕಡೆಯೇ 5 ಮೀಟರ್ ಉದ್ದ 5 ಮೀಟರ್ ಅಗಲದ ಭತ್ತದ ತಾಕನ್ನು ಕೊಯ್ಯುತ್ತೇವಷ್ಟೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗ ಕ್ಷೇತ್ರವನ್ನು 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಅವರು, ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಪ್ರಯೋಗ ಮಾಡುವವನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಣಯಿಸಬೇಕೆಂದು ಪ್ರತಿಪಾದಿಸಿದರು. ಇದೇ ಬಗೆಯ ನಿಯಮವನ್ನು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರು ಕ್ಷಯರೋಗಿಗಳ ವಿಷಯದಲ್ಲಿ ಅನುಸರಿಸಿದರು. 1948ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ 4 ಮಂದಿಯೂ, ಹಾಸಿಗೆಯ ವಿಶ್ರಾಂತಿಯನ್ನು ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿಯೂ ಮೃತಪಟ್ಟರು. ಗದ್ದೆಯ ವಿದ್ಯೆಯು ಆಸ್ಪತ್ರೆಗೆ ಹೋದುದು ಹೀಗೆ.

ಇಷ್ಟನ್ನು ಓದಿ ಬೀಗಿದವನು ನಾನು ಮೊದಲನೆಯ ವಿಚಾರಣೆಯಲ್ಲಿಯೇ ಎಡವಿದೆನು. ಪಹಣಿಯಿಂದ ಹೆಸರುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಮನೆಮನೆಗೆ ಹೋಗಿ, ಸಿಂಪಡಿಸುವಾಗ ಕೈಗವಸು, ಮುಖವಸ್ತ್ರಗಳನ್ನು ಧರಿಸುವಿರಾ ಎಂದು ಕೇಳಿದೆನು. ಬಹುಮಟ್ಟಿಗೆ ಎಲ್ಲರೂ ಹೌದೆಂದರು. ತಲೆನೋವು ಯಾರಿಗೂ ಇರಲಿಲ್ಲ! ಕಡೆಯ ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು, "ನೀವು ಕೇಳಿದ ಮೇಲೆ ಹೌದು ಅನ್ನದೆ ಇನ್ನೇನು ಅಂದಾರು ಸ್ವಾಮಿ? ಸಬ್ಸಿಡಿ ಬರೆಯೋರು ನೀವೇ. ಅದೂ ಅಲ್ದೆ ಔಷಧಿ ಹೊಡೆಯೋನು ನನ್ನ ಮಗನಲ್ಲ, ಕೂಲಿಯವನು" ಎಂದರು.

ಅಲ್ಲಿಗೆ ನನ್ನ ಎರಡು ತಪ್ಪುಗಳೂ ಬಯಲಾದವು. ಪೈರು ಸರ್ವೆ ನಂಬರಿನಲ್ಲಿ ಸಿಕ್ಕುವಂತೆ ಸಿಂಪಡಿಸುವವನು ಸಿಕ್ಕುವುದಿಲ್ಲ. ಭೂಮಿಯಿಲ್ಲದವನ ಹೆಸರು ಪಹಣಿಯಲ್ಲಿ ಎಲ್ಲಿಂದ ಬರಬೇಕು? ಪಟ್ಟಿಯೇ ತಪ್ಪಾಗಿದ್ದ ಮೇಲೆ ಎಷ್ಟು ನಿಷ್ಪಕ್ಷಪಾತವಾಗಿ ಚೀಟಿ ಎತ್ತಿದರೂ ಪ್ರಯೋಜನವಿಲ್ಲ. ಎರಡನೆಯದಾಗಿ, ತೇವದ ಭತ್ತವನ್ನು ತೂಗಿದರೆ ಒಣಗಿದ ಮೇಲಿನ ತೂಕವನ್ನು ಲೆಕ್ಕ ಹಾಕಿಕೊಳ್ಳಬಹುದು. ಅಧಿಕಾರಿಯ ಎದುರಿಗೆ ಬಂದ ಉತ್ತರದಲ್ಲಿ ಭಯದ ಅಂಶವೆಷ್ಟೆಂದು ಕಳೆಯಲು ಯಾವ ಸೂತ್ರವೂ ಇಲ್ಲ.

ಆದಕಾರಣ ಆ ಹಾಳೆಗಳನ್ನೆಲ್ಲಾ ಬದಿಗಿಟ್ಟು, ನನ್ನ ಕೈಯಲ್ಲಿ ಯಾವ ಸವಲತ್ತೂ ಇಲ್ಲದ ನೆರೆಯ ಹೋಬಳಿಯನ್ನು ಆರಿಸಿಕೊಂಡೆನು. ಔಷಧಿ ಹೊಡೆಯುವ ಕೂಲಿಗಾರರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಬೀದಿಬೀದಿಗೆ ತಯಾರಿಸಿದೆವು. ಪ್ರಶ್ನೆ ಕೇಳತಕ್ಕವರು ನಾನಲ್ಲ, ಬೇರೊಬ್ಬರು. ಉತ್ತರ ಕೊಡದಿದ್ದರೆ ಯಾವ ನಷ್ಟವೂ ಇಲ್ಲವೆಂದು ಮೊದಲೇ ಓದಿ ಹೇಳಿ ಒಪ್ಪಿಗೆ ಪಡೆಯುತ್ತಾರೆ. "ಧರಿಸುವಿರಾ?" ಎಂಬುದಕ್ಕೆ ಬದಲಾಗಿ "ಕಳೆದ ಸಲ ಹೊಡೆದ ದಿನ ಮೈಮೇಲೆ ಏನೇನಿತ್ತು?" ಎಂದು ಕೇಳುತ್ತಾರೆ. ನೀತಿ ಸಮಿತಿಯ ಅನುಮತಿಗಾಗಿ ಕೆಲವು ತಿಂಗಳು ಕಾಯಬೇಕಾಯಿತು. ಆಗ ಬೇಸರಪಟ್ಟುದು ನಿಜ.

ತಲೆನೋವೆಲ್ಲವೂ ಔಷಧಿಯಿಂದಲೇ ಎಂದು ಆತುರಪಡಲಾಗದೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಸೊಂಟ, ಮಂಡಿಗಳ ಕೀಲುನೋವಿನ ವಿಚಿತ್ರ ರೋಗವು ಬೆಳಕಿಗೆ ಬಂದಿತು. ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನುಗಳನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಲಾಯಿತು. ಮನೆತನಗಳ ವಂಶಾವಳಿಯನ್ನು ಬರೆದು ಪರೀಕ್ಷಿಸಿದ ಮೇಲೆ ಅದು ತಲೆಮಾರಿನಿಂದ ಇಳಿದು ಬರುವ ರೋಗವೆಂದು ತಜ್ಞರು ನಿರ್ಣಯಿಸಿದರು. ಇದರಿಂದ ಕೀಟನಾಶಕವು ನಿರಪಾಯವೆಂದು ಯಾರೂ ಭಾವಿಸಬಾರದು. ಸಿಂಪಡಿಸದ ಕೂಲಿಗಾರರನ್ನೂ ಅದೇ ಪ್ರಶ್ನೆಗಳಿಂದ ವಿಚಾರಿಸಿ ಹೋಲಿಸಬೇಕೆಂಬುದಷ್ಟೇ ನನ್ನ ಅಭಿಪ್ರಾಯ.

ಕಲಿಯಲಿಚ್ಛಿಸುವ ಕಿರಿಯ ಸಹೋದ್ಯೋಗಿಗಳು ಕಾಲದ ವಿಷಯವನ್ನು ಕೇಳುತ್ತಾರೆ. ಮುಂಗಾರು ಬಿತ್ತನೆಯ ತಿಂಗಳುಗಳಲ್ಲಿ ಓದು ಸಾಗುವುದಿಲ್ಲ. ನಾನು ಒಂದು ಪರೀಕ್ಷೆಯನ್ನೇ ಬಿಡಬೇಕಾಯಿತು. ಸುಗ್ಗಿ ಮುಗಿದ ಬಳಿಕ ಬೆಳಗಿನ ಜಾವ ಒಂದು ಗಂಟೆ ದೊರೆತರೆ ಸಾಕು. ನೆರೆಯ ಹೋಬಳಿಯ ವಿಚಾರಣೆಯು ಅರ್ಧ ಮುಗಿದಿದೆ. ಕೈಗವಸಿನ ಪ್ರಶ್ನೆಗೆ ಈಗ "ಇಲ್ಲ" ಎಂಬ ಉತ್ತರಗಳು ಬರತೊಡಗಿವೆ.